ತಾರಸಿ ಮೇಲಿನ ಹದಿನಾರು ಅಡಿ

ಗಾಲ್ಫ್ ಸ್ಕೋರ್‌ಕಾರ್ಡಿನ ಹಿಂಬದಿಯಲ್ಲಿ ನಾನು ಪಟ್‌ಗಳ, ಅಂದರೆ ಚೆಂಡನ್ನು ನೆಲದ ಮೇಲೇ ಕುಳಿಯ ಕಡೆಗೆ ಉರುಳಿಸುವ ಹೊಡೆತಗಳ, ಲೆಕ್ಕವನ್ನು ಬೇರೆಯಾಗಿ ಬರೆದಿಡುತ್ತೇನೆ. ಮಾರ್ಚ್ ತಿಂಗಳ ಆಟ ಮುಗಿದಾಗ ಅಲ್ಲಿ 43 ಅಂತ ಇತ್ತು. ಪಾರ್, ಅಂದರೆ ಮೈದಾನಕ್ಕೆ ನಿಗದಿ ಮಾಡಿದ ಹೊಡೆತಗಳ ಸಂಖ್ಯೆ, ಲೆಕ್ಕ ಹಾಕುವಾಗ ಪ್ರತಿ ಕುಳಿಗೂ ಎರಡು ಪಟ್ ಅಂತ ಹಿಡಿದಿರುತ್ತಾರೆ. ಹದಿನೆಂಟು ಕುಳಿಗೆ 36. ಪಾರ್ 72 ಇರುವ ಮೈದಾನದಲ್ಲಿ ಸರಿಯಾಗಿ ಅರ್ಧ ಆಟ ಗ್ರೀನ್ ಮೇಲೇ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೇ, ನಡೆಯುತ್ತದೆ ಅಂತಾಯ್ತು. ಆ ಅರ್ಧದಲ್ಲೇ ನಾನು ಏಳು ಹೊಡೆತ ಕಳೆದುಕೊಂಡಿದ್ದೆ. ಹೆಚ್ಚಿನವು ನಾಲ್ಕೈದು ಅಡಿ ದೂರದವು. ಹೆಚ್ಚಿನವು ಕುಳಿಯ ಎಡಗಡೆಗೇ ಹೋದವು.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಕಲಿತ ಆಟ ಇದು. ದಾವಣಗೆರೆಗೆ ವಾಪಸ್ ಬಂದು ಈಗ ನಾಲ್ಕು ವರ್ಷ. ವಿದ್ಯಾನಗರದಲ್ಲಿ ಮನೆ, ಅಪ್ಪಾಜಿ ಅವ್ವ ಜೊತೆಗಿದ್ದಾರೆ. ಆಡಬೇಕೆಂದರೆ ತಿಂಗಳಿಗೊಂದು ಸಲ ಚಿಕ್ಕಮಗಳೂರಿಗೋ ಬೆಂಗಳೂರಿಗೋ ಹೋಗುತ್ತೇನೆ. ಉದ್ದ ಹೊಡೆತ ಕಲಿಯಲು ಮೈದಾನವೇ ಬೇಕು. ಪಟಿಂಗ್‌ಗೆ ಹಾಗಲ್ಲ. ಪಟ್ ಹೊಡೆಯುವ ಕೋಲು, ಅಂದರೆ ಒಂದು ಪಟರ್, ಒಂದು ಚೆಂಡು, ಹದಿನಾರು ಅಡಿ ಜಾಗ ಇದ್ದರೆ ಆಯ್ತು.

ನನಗೆ ಪಟಿಂಗ್ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು 2021ರ ಆಗಸ್ಟ್‌ನಲ್ಲಿ. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಆಡುತ್ತಿದ್ದಳು. ಬೇರೆಯವರಿಗೆ ಹೋಲಿಸಿದರೆ ಆಕೆಯ ಡ್ರೈವ್, ಅಂದರೆ ಮೊದಲ ಉದ್ದ ಹೊಡೆತ, ದೂರ ಹೋಗುತ್ತಿರಲಿಲ್ಲ. ಆದರೂ ಗ್ರೀನ್ ಮೇಲೆ ಬಂದ ಮೇಲೆ ಚೆಂಡು ಕುಳಿಗೆ ಬೀಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು. ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದ ಅಪ್ಪಾಜಿ ಅವತ್ತು ಟಿವಿ ಮುಂದಿನಿಂದ ಎದ್ದಿರಲಿಲ್ಲ. "ಆ ಹುಡುಗಿ ಎಷ್ಟು ಸಮಾಧಾನವಾಗಿ ನಿಲ್ತಾಳೆ ನೋಡಪ್ಪ" ಅಂದಿದ್ದರು.

ನನಗೆ ಇಲ್ಲದ್ದೇ ಆ ಸಮಾಧಾನ. ಎರಡು ಪಟ್ ತಪ್ಪಿದರೆ ಹಿಡಿತ ಬದಲಿಸುತ್ತಿದ್ದೆ. ಇನ್ನೆರಡು ತಪ್ಪಿದರೆ ಕಾಲಿನ ಅಂತರ. ಹಾಲ್‌ನಲ್ಲಿ ಚಾಪೆ ಹಾಸಿ, ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ ಮೂರು ವರ್ಷ ಹೀಗೇ ಕಳೆದೆ. ಏಪ್ರಿಲ್‌ನಲ್ಲಿ ತೀರ್ಮಾನ ಮಾಡಿದೆ. ಕೈಯನ್ನು ಸ್ವಲ್ಪ ದಿನ ಅದರ ಪಾಡಿಗೆ ಬಿಡೋಣ. ಮೊದಲು ನಂಬಬಹುದಾದ ಒಂದು ನೆಲ ಮಾಡಿಕೊಳ್ಳೋಣ.

ಏಪ್ರಿಲ್, ಎರಡನೇ ಶನಿವಾರ

ನಮ್ಮ ತಾರಸಿಯ ಅರ್ಧ ಭಾಗಕ್ಕೆ ತಗಡಿನ ಶೀಟ್ ಇದೆ. ಅದರ ಕೆಳಗೆ ಇಪ್ಪತ್ತು ಅಡಿ ಉದ್ದದ ಜಾಗ. ಎಂಟಡಿಗೆ ನಾಲ್ಕಡಿಯ 12 ಮಿಲಿಮೀಟರ್ ಪ್ಲೈವುಡ್ ಒಂದು ಶೀಟ್ ತಂದು, ಅಂಗಡಿಯಲ್ಲೇ ಉದ್ದಕ್ಕೆ ಸೀಳಿಸಿದೆ. ಎರಡಡಿ ಅಗಲದ ಎರಡು ಹಲಗೆ ಆಯ್ತು. ತುದಿಗೆ ತುದಿ ಸೇರಿಸಿದರೆ ಹದಿನಾರು ಅಡಿ.

ಮೇಲೆ ಏನು ಹಾಸಬೇಕು ಅನ್ನೋದಕ್ಕೇ ಎರಡು ವಾರ ಹೋಯ್ತು. ಮೊದಲು ಬಾಲ್ಕನಿಗೆ ಹಾಕುವ ಪ್ಲಾಸ್ಟಿಕ್ ಹುಲ್ಲು ತಂದೆ. ನೋಡಲು ಚೆಂದ. ಆದರೆ ಎಳೆಗಳು ಒಂದು ಇಂಚು ಉದ್ದ, ಚೆಂಡು ಅದರೊಳಗೆ ಮುಳುಗಿ ನಿಂತುಬಿಡುತ್ತಿತ್ತು. ಆಮೇಲೆ ಮದುವೆ ಮನೆಯ ಪೆಂಡಾಲಿಗೆ ಹಾಸುವ ತೆಳು ಹಸಿರು ಕಾರ್ಪೆಟ್ ತಂದೆ. ಅದರ ಮೇಲೆ ಚೆಂಡು ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ಮಂಡಿಪೇಟೆ ಕಡೆಯ ಒಂದು ಅಂಗಡಿಯಲ್ಲಿ ಚಿಕ್ಕ ಎಳೆಯ ನೈಲಾನ್ ಕಾರ್ಪೆಟ್ ಸಿಕ್ಕಿತು. ಅಂಗೈಯಿಂದ ಒಂದು ಕಡೆಗೆ ಸವರಿದರೆ ನುಣುಪು, ಇನ್ನೊಂದು ಕಡೆಗೆ ಸವರಿದರೆ ಒರಟು. ಎಳೆಗಳು ವಾಲಿದ ಆ ದಿಕ್ಕು ಹಲಗೆಯ ಉದ್ದಕ್ಕೇ ಇರುವಂತೆ ಕತ್ತರಿಸಬೇಕು. ಅಡ್ಡಕ್ಕೆ ಬಂದರೆ ನಿಧಾನವಾಗುವ ಚೆಂಡನ್ನು ಅದೇ ಪಕ್ಕಕ್ಕೆ ಎಳೆಯುತ್ತದೆ. ಸುರುಳಿಯ ಮಡಿಕೆ ಹೋಗಲು ಏನೂ ಮಾಡಬೇಕಾಗಲಿಲ್ಲ. ಒಂದು ಮಧ್ಯಾಹ್ನ ತಾರಸಿಯಲ್ಲಿ ಬಿಸಿಲಿಗೆ ಹರವಿಟ್ಟೆ, ನಮ್ಮೂರ ಏಪ್ರಿಲ್ ಬಿಸಿಲು ಇಸ್ತ್ರಿ ಹಾಕಿದಂತೆ ಮಾಡಿಕೊಟ್ಟಿತು.

ಏಪ್ರಿಲ್, ನಾಲ್ಕನೇ ಭಾನುವಾರ

ಈ ಕಾರ್ಪೆಟ್ ನಿಜವಾದ ಗ್ರೀನ್‌ಗೆ ಎಷ್ಟು ಹತ್ತಿರ ಅಂತ ತಿಳಿಯಲು ಸ್ಟಿಂಪ್‌ಮೀಟರ್ ಬೇಕು. 1935ರಲ್ಲಿ ಅಮೆರಿಕದ ಓಕ್‌ಮಾಂಟ್ ಮೈದಾನದಲ್ಲಿ ಯುಎಸ್ ಓಪನ್ ನಡೆದಾಗ, ಒಳ್ಳೆಯ ಆಟಗಾರನ ಪಟ್ ಒಂದು ಗ್ರೀನ್ ದಾಟಿ ಆಚೆ ಉರುಳಿಹೋಯಿತು. ಅದನ್ನು ನೋಡಿದ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಹವ್ಯಾಸಿ ಆಟಗಾರ ಗ್ರೀನ್‌ನ ವೇಗ ಅಳೆಯಲು ಮರದ ಒಂದು ಜಾರುಪಟ್ಟಿ ಮಾಡಿದ. 1970ರ ದಶಕದಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಅದನ್ನೇ ಅಲ್ಯೂಮಿನಿಯಂನಲ್ಲಿ ತಿದ್ದಿ ಮೈದಾನಗಳಿಗೆ ಕೊಟ್ಟಿತು. ಮೂರಡಿ ಉದ್ದ, ನಡುವೆ ಅಗಲವಾಗಿ ತೆರೆದ ಕಣಿವೆ, ಅದರ ಕೋನ 145 ಡಿಗ್ರಿ. ಕೆಳತುದಿಯಿಂದ 30 ಇಂಚು ಮೇಲೆ ಚೆಂಡು ಕೂರಲು ಒಂದು ಗುಳಿ. ಪಟ್ಟಿಯನ್ನು ನಿಧಾನವಾಗಿ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿಗೆ ಬಂದಾಗ ಚೆಂಡು ತಾನಾಗಿಯೇ ಬಿಟ್ಟುಕೊಂಡು ಉರುಳುತ್ತದೆ. ಎಷ್ಟು ಅಡಿ ಹೋಯಿತೋ ಅದೇ ಆ ಗ್ರೀನ್‌ನ ವೇಗ. ನಾವು ಆಡುವಂಥ ಮೈದಾನಗಳಲ್ಲಿ 8ರಿಂದ 10 ಇದ್ದರೆ ಚೆನ್ನ.

ನಾನು ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಎಲ್ ಪಟ್ಟಿಯಲ್ಲೇ ಮುಗಿಸೋಣ ಅಂದುಕೊಂಡೆ. ಅದರ ಕೋನ 90 ಡಿಗ್ರಿ. ಹರಿಹರದಲ್ಲಿರುವ ನಮ್ಮ ಸೋದರಮಾವ ಜೀವನವಿಡೀ ಲೇತ್ ಮೇಲೆ ಕೆಲಸ ಮಾಡಿದವರು. ಪಟ್ಟಿ ಕೈಗೆ ತೆಗೆದುಕೊಂಡು ಚೆಂಡು ಇಟ್ಟು ನೋಡಿದರು. "ಇದರಲ್ಲಿ ಚೆಂಡು ಹೊಟ್ಟೆ ಮೇಲೆ ಉರುಳಲ್ಲ, ಪಕ್ಕೆ ಮೇಲೆ ಉರುಳುತ್ತೆ. ಸುತ್ತೋದು ಜಾಸ್ತಿ, ಮುಂದೆ ಹೋಗೋದು ಕಮ್ಮಿ" ಅಂದರು. ಮಾತು ನಿಜ. ಕಣಿವೆ ಕಿರಿದಾದಷ್ಟೂ ಚೆಂಡು ಮೇಲಕ್ಕೆ ಮುಟ್ಟಿಕೊಂಡು ಚಿಕ್ಕ ಗಾಲಿಯಂತೆ ತಿರುಗುತ್ತದೆ, ಕಾರ್ಪೆಟ್ಟಿಗೆ ಇಳಿದ ಕೂಡಲೇ ಒಂದಿಷ್ಟು ದೂರ ಜಾರುತ್ತದೆ. ನಡೆಯುತ್ತೆ ಬಿಡಿ ಮಾವ, ಅಂದಾಜು ಸಿಕ್ಕರೆ ಸಾಕು ಅಂದೆ. "ಅಳೆಯೋ ಸಾಮಾನನ್ನೇ ಅಂದಾಜಲ್ಲಿ ಮಾಡಿದ್ರೆ, ಆಮೇಲೆ ಅಳೆಯೋದು ಏನನ್ನ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಮಗೆ ಗೊತ್ತಿದ್ದ ಒಂದು ವರ್ಕ್‌ಶಾಪಿನಲ್ಲಿ ದಪ್ಪ ಅಲ್ಯೂಮಿನಿಯಂ ಶೀಟನ್ನು 145 ಡಿಗ್ರಿಗೆ ಬಗ್ಗಿಸಿ ಕೊಡಿಸಿದರು. ಗುಳಿಯನ್ನು ಅವರೇ ಅರದಿಂದ ಉಜ್ಜಿ ಮಾಡಿದರು. ಚೆಂಡು ಪುಟಿಯದೆ ಇಳಿಯಲಿ ಅಂತ ಕೆಳತುದಿಯ ಅಡಿಭಾಗವನ್ನೂ ಓರೆಯಾಗಿ ಸವೆಸಿದರು.

ಹಲಗೆಗಳನ್ನು ತಾರಸಿ ನೆಲದ ಮೇಲೆ ಹಾಗೇ ಇಟ್ಟು, ಕಾರ್ಪೆಟ್ ಹಾಸಿ ಅಳೆದೆ. ಮೂರು ಚೆಂಡು ಒಂದು ದಿಕ್ಕಿಗೆ, ಮೂರು ಚೆಂಡು ವಾಪಸ್. ಮೂರೂ ಎಂಟು ಇಂಚಿನೊಳಗೆ ನಿಂತರೆ ಮಾತ್ರ ಲೆಕ್ಕಕ್ಕೆ. ಆ ಕಡೆಗೆ ಸರಾಸರಿ 11 ಅಡಿ 5 ಇಂಚು. ಈ ಕಡೆಗೆ 8 ಅಡಿ 10 ಇಂಚು. ಇಳಿಜಾರಿನಲ್ಲಿ ಎರಡನ್ನೂ ಕೂಡಿ ಅರ್ಧ ಮಾಡಬಾರದು. ಎರಡನ್ನೂ ಗುಣಿಸಿ, ಅದರ ಎರಡರಷ್ಟನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಬಂದದ್ದು ಹತ್ತಿರ ಹತ್ತಿರ 10. ಕಾರ್ಪೆಟ್ ಗೆದ್ದಿತು. ನೆಲ ಸೋತಿತು.

ಸೋಲಲೇಬೇಕಿತ್ತು ಅಲ್ವಾ. ಮಳೆ ನೀರು ಹರಿದುಹೋಗಲಿ ಅಂತ ಯಾವ ತಾರಸಿಗಾದರೂ ವಾಟ ಕೊಟ್ಟಿರುತ್ತಾರೆ.

ಮೇ, ಮೊದಲ ವಾರ

ಮಟ್ಟ ಮಾಡುವ ಕೆಲಸವೇ ಈ ಇಡೀ ಕಟ್ಟೋಣದ ಹೃದಯ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನನ್ನ ಹತ್ತಿರ ಎರಡಡಿಯ ರಸಮಟ್ಟ ಇತ್ತು. ಅದನ್ನು ಎಂಟು ಕಡೆ ಇಟ್ಟು ಎಂಟು ಕಡೆಯೂ ಗುಳ್ಳೆ ನಡುವೆ ತಂದೆ. ಆದರೂ ಚೆಂಡು ಕೊನೆಗೆ ಒಂದು ಕಡೆಗೆ ವಾಲುತ್ತಿತ್ತು. ಪಕ್ಕದ ಮನೆಗೆ ಗಾರೆ ಕೆಲಸಕ್ಕೆ ಬಂದಿದ್ದ ಮೇಸ್ತ್ರಿಯನ್ನು ಕರೆದೆ. ಅವರು ನೋಡಿ ನಕ್ಕರು. "ರಸಮಟ್ಟ ಎರಡಡಿ ಮಾತ್ರ ಹೇಳುತ್ತೆ ಸಾರ್. ಹದಿನಾರಡಿಗೆ ನೀರನ್ನೇ ಕೇಳಬೇಕು" ಅಂದರು. ಪ್ರತಿ ಸಲ ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪು. ಎಂಟು ಸಲ ಸೇರಿದರೆ ಚೆಂಡಿಗೆ ಗೊತ್ತಾಗುತ್ತದೆ.

ನೀರನ್ನು ಕೇಳುವುದು ಅಂದರೆ ಟ್ಯೂಬ್ ಲೆವೆಲ್. ಇಪ್ಪತ್ತೈದು ಅಡಿಯ ಪಾರದರ್ಶಕ ಪೈಪಿಗೆ ನೀರು ತುಂಬಿ, ಎರಡೂ ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಒಳಗೆ ಗಾಳಿಗುಳ್ಳೆ ಒಂದೂ ಇರಬಾರದು. ನೀರಿನ ಗೆರೆ ಚೆನ್ನಾಗಿ ಕಾಣಲಿ ಅಂತ ಅವ್ವ ಒಂದು ಚಿಟಿಕೆ ಅರಿಶಿನ ಹಾಕಿಕೊಟ್ಟರು. ಅಳೆದಾಗ ಹದಿನಾರಡಿಗೆ ಎರಡು ಇಂಚಿಗೆ ಸ್ವಲ್ಪ ಕಮ್ಮಿ ಇಳಿಜಾರು ಸಿಕ್ಕಿತು. ನೂರಕ್ಕೆ ಒಂದು ಪಾಲು. ಸ್ಟಿಂಪ್‌ಮೀಟರ್ ಹೇಳಿದ ವ್ಯತ್ಯಾಸಕ್ಕೂ ಇದಕ್ಕೂ ಸರಿಹೋಯಿತು.

ಹಲಗೆಗಳ ಕೆಳಗೆ ಎರಡಿಂಚು ಎತ್ತರದ ಮರದ ಚೌಕಟ್ಟು ಹೊಡೆದೆ. ಒಂದೊಂದು ಚೌಕಟ್ಟಿಗೆ ಆರರಂತೆ ಹನ್ನೆರಡು ಕಡೆ ಕೆಳಗಿನಿಂದ ತೂತು ಹಾಕಿ, 10 ಮಿಲಿಮೀಟರ್ ನಟ್ಟು ಕೂರಿಸಿ, ಬೋಲ್ಟ್ ತಿರುಗಿಸಿದೆ. ಬೋಲ್ಟಿನ ತಲೆಯೇ ಕಾಲು. 17ರ ಸ್ಪ್ಯಾನರ್‌ನಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿದರೆ ಆ ಮೂಲೆ ಒಂದೂವರೆ ಮಿಲಿಮೀಟರ್ ಏಳುತ್ತದೆ ಅಥವಾ ಇಳಿಯುತ್ತದೆ. ಕಾಲು ಸುತ್ತಿಗೆ ಅರ್ಧ ಮಿಲಿಮೀಟರ್‌ಗಿಂತ ಕಮ್ಮಿ. ಜಾಸ್ತಿ ಇಳಿಜಾರಿರುವ ಕಡೆ ಮೊದಲು ಕಡಪ ಕಲ್ಲಿನ ತುಂಡುಗಳನ್ನು ಕೊಟ್ಟೆ, ಉಳಿದದ್ದನ್ನು ಬೋಲ್ಟ್ ನೋಡಿಕೊಂಡಿತು. ಎರಡು ಹಲಗೆ ಸೇರುವ ಜಾಗದ ಕೆಳಗೆ ಒಂದಡಿ ಅಗಲದ ಪ್ಲೈ ತುಂಡು ಸ್ಕ್ರೂ ಮಾಡಿದೆ. ಮೇಲಿನ ಸಂದಿಗೆ ಪುಟ್ಟಿ ತುಂಬಿ ಉಪ್ಪು ಕಾಗದದಲ್ಲಿ ತಿಕ್ಕಿದೆ. ಕಣ್ಣು ಮುಚ್ಚಿಕೊಂಡು ಬೆರಳು ಆಡಿಸಿದರೆ ಸಂದಿ ಎಲ್ಲಿದೆ ಅಂತ ತಿಳಿಯಬಾರದು. ಅಲ್ಲಿಯವರೆಗೆ ತಿಕ್ಕಬೇಕು.

ಮೂರು ಸಂಜೆ ಇದಕ್ಕೇ ಹೋಯ್ತು. ಒಂದು ಬೋಲ್ಟ್ ತಿರುಗಿಸಿದರೆ ಪಕ್ಕದ್ದು ಗಾಳಿಯಲ್ಲಿ ನಿಲ್ಲುತ್ತದೆ. ಅದನ್ನು ಇಳಿಸಿದರೆ ಮೂರನೆಯದು ಅಲ್ಲಾಡುತ್ತದೆ. ಮೂರನೇ ಸಂಜೆ ಎರಡೂ ದಿಕ್ಕಿಗೆ ಒಂಬತ್ತೂ ಮುಕ್ಕಾಲರಿಂದ ಹತ್ತು ಅಡಿಯ ನಡುವೆ ಚೆಂಡು ನಿಂತಿತು. ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ.

ಅದೇ ಟ್ಯೂಬನ್ನು ಕೆಳಗೆ ಹಾಲ್‌ಗೂ ಒಯ್ದು ನಾನು ಮೂರು ವರ್ಷ ಅಭ್ಯಾಸ ಮಾಡಿದ ಜಾಗವನ್ನು ಅಳೆದೆ. ನೆಲ ಬಲಗಡೆಗೆ, ಬಚ್ಚಲಿನ ಕಡೆಗೆ ಇಳಿದಿತ್ತು. ಹೆಚ್ಚೇನಲ್ಲ. ಆದರೆ ನೇರವಾಗಿ ಹೊಡೆದ ಚೆಂಡು ಲೋಟದ ಬಲಕ್ಕೆ ಹೋಗಲು ಅಷ್ಟು ಸಾಕು. ಲೋಟಕ್ಕೆ ಬೀಳಬೇಕಾದರೆ ಎಡಕ್ಕೆ ಎಳೆದು ಹೊಡೆಯಬೇಕು. ಆ ಎಳೆತವನ್ನು ದಿನಾ ಐವತ್ತು ಸಲ, ಮೂರು ವರ್ಷ ನನ್ನ ಕೈಗೆ ನಾನೇ ಕಲಿಸಿದ್ದೆ. ಗ್ರೀನ್ ಮೇಲೆ ಚೆಂಡು ಎಡಕ್ಕೆ ಹೋಗುತ್ತಿದ್ದದ್ದು ಕೈಯ ತಪ್ಪಲ್ಲ. ಕಲಿಸಿದ ಪಾಠವನ್ನು ಕೈ ಸರಿಯಾಗಿಯೇ ಒಪ್ಪಿಸುತ್ತಿತ್ತು. ಹಾಲ್‌ನಲ್ಲಿ ಟ್ಯೂಬ್ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ.

ಮೇ, ಮೂರನೇ ವಾರ

ಕುಳಿ. ನಿಯಮದ ಪ್ರಕಾರ ಅದರ ಅಡ್ಡಳತೆ 108 ಮಿಲಿಮೀಟರ್, ಆಳ ಕನಿಷ್ಠ ನಾಲ್ಕು ಇಂಚು. ಕಂಪಾಸಿನಲ್ಲಿ ಗೆರೆ ಎಳೆದು ಜಿಗ್‌ಸಾದಲ್ಲಿ ಕತ್ತರಿಸಿದೆ. ಆಳ ಮಾತ್ರ ನನಗೆ ಎರಡೂವರೆ ಇಂಚಿಗೂ ಸ್ವಲ್ಪ ಕಮ್ಮಿಯೇ ಸಿಕ್ಕಿತು. ಚೆಂಡಿನ ಅಡ್ಡಳತೆ 43 ಮಿಲಿಮೀಟರ್ ಅಷ್ಟೇ, ಒಂದು ಚೆಂಡು ಪೂರ್ತಿ ಇಳಿಯುತ್ತದೆ. ಅದು ಒಳಗೇ ಇದ್ದರೆ ಎರಡನೆಯದು ಅದಕ್ಕೆ ಬಡಿದು ಹೊರಗೆ ಪುಟಿಯಬಹುದು. ಹಾಗಾಗಿ ಪ್ರತಿ ಸಲ ನಡೆದು ಹೋಗಿ ಚೆಂಡು ತೆಗೆಯಲೇಬೇಕು. ಮೊದಲು ಇದು ಕೊರತೆ ಅನ್ನಿಸಿತ್ತು. ಈಗ ಹೇಳುತ್ತೇನೆ, ಇಡೀ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಈ ಕುಳಿಯೇ. ಮುಂಚೆ ಐದು ಚೆಂಡು ಸಾಲಾಗಿಟ್ಟು ಒಂದರ ಹಿಂದೆ ಒಂದು ಬಾರಿಸುತ್ತಿದ್ದೆ. ಮೈದಾನದಲ್ಲಿ ಯಾರೂ ಐದು ಚೆಂಡು ಕೊಡಲ್ಲ. ಒಂದು ಚೆಂಡು, ಒಂದು ಪಟ್, ಆಮೇಲೆ ಹನ್ನೆರಡು ಅಡಿ ನಡಿಗೆ. ಅಷ್ಟರಲ್ಲಿ ಉಸಿರು ಹದಕ್ಕೆ ಬರುತ್ತದೆ.

ಆಮೇಲೆ ಬಾಗಿಲು. ಹೊಡೆತದಲ್ಲಿ ದಿಕ್ಕು ತಪ್ಪಿತೋ ಇಲ್ಲವೋ ಅಂತ ತಿಳಿಯಲು ಚೆಂಡಿನ ಮುಂದೆ ಎರಡು ಕಂಬ ನಿಲ್ಲಿಸುತ್ತಾರೆ. ಎಷ್ಟು ಅಗಲ ಬಿಡಬೇಕು ಅಂತ ಲೆಕ್ಕ ಹಾಕಿದೆ. ಚೆಂಡು ಒಂದು ಡಿಗ್ರಿ ಓರೆಯಾಗಿ ಹೊರಟರೆ ಮೂರು ಮೀಟರ್ ದೂರದಲ್ಲಿ 52 ಮಿಲಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಕುಳಿಯ ಅರ್ಧ ಅಳತೆ 54. ಅಂದರೆ ಒಂದು ಡಿಗ್ರಿಯೇ ಗಡಿ. ಅರ್ಧ ಮೀಟರ್ ದೂರದಲ್ಲಿ ಒಂದು ಡಿಗ್ರಿ ಅಂದರೆ ಸುಮಾರು ಒಂಬತ್ತು ಮಿಲಿಮೀಟರ್. ಎರಡೂ ಪಕ್ಕಕ್ಕೆ ಅಷ್ಟು ಸೇರಿಸಿದರೆ ಬಾಗಿಲು 60 ಮಿಲಿಮೀಟರ್.

ಕಂಬಕ್ಕೆ ಬೋಲ್ಟ್ ನಿಲ್ಲಿಸೋಣ ಅಂದುಕೊಂಡಿದ್ದೆ. ಅಪ್ಪಾಜಿ ಸುಮ್ನೆ ಎದ್ದು ಹೋಗಿ ಅಟ್ಟದ ಪೆಟ್ಟಿಗೆಯಿಂದ ನೂಲು ಸುತ್ತುವ ಎರಡು ಮರದ ಬಾಬಿನ್ ತಂದರು. ನಮ್ಮೂರಿನ ಹತ್ತಿ ಗಿರಣಿಯಲ್ಲಿ ಅವರು ದುಡಿದ ಕಾಲದವು. ಎಣ್ಣೆ, ಹತ್ತಿ, ಕೈ ತಾಗಿ ತಾಗಿ ಕಪ್ಪಾಗಿ ಹೊಳೆಯುತ್ತಿವೆ. ಕೆಳಗೆ ವಾಷರ್ ಅಂಟಿಸಿ ನಿಲ್ಲಿಸಿದೆ. ಚೆಂಡು ತಾಗಿದರೆ ಟಕ್ ಅಂತ ಶಬ್ದ ಬರುತ್ತದೆ. ನೋಡಬೇಕಾಗಿಯೇ ಇಲ್ಲ.

ಮೇ ಕೊನೆ

ಮುಂಗಾರಿಗೂ ಮುಂಚಿನ ಮಳೆ ಒಂದು ರಾತ್ರಿ ಗಾಳಿ ಸಮೇತ ಬಂತು. ಶೀಟ್ ಇದ್ದರೂ ಇರಚಲು ಒಳಗೆ ಹೊಡೆದಿತ್ತು. ಬೆಳಿಗ್ಗೆ ನೋಡಿದರೆ ಹಲಗೆಯ ಒಂದು ಅಂಚು ಎರಡು ಮಿಲಿಮೀಟರ್ ಉಬ್ಬಿತ್ತು, ಅದೂ ಸಂದಿಯ ಹತ್ತಿರವೇ. ನೀರು ತಗಲಿದರೂ ಏನೂ ಆಗಲ್ಲ ಅಂತ ಮಾರಿದವರು ಹೇಳಿದ್ದರು. ಆದರೆ ಪ್ಲೈವುಡ್‌ನ ಮುಖ ಎಷ್ಟೇ ಗಟ್ಟಿ ಇದ್ದರೂ ಕತ್ತರಿಸಿದ ಅಂಚು ನೀರು ಕುಡಿಯುತ್ತದೆ. ಮೊದಲೇ ಅಂಚಿಗೆ ಬಣ್ಣ ಹೊಡೆದಿದ್ದರೆ ಉಳಿಯುತ್ತಿತ್ತು. ತುಂಬಾ ಬೇಜಾರಾಯ್ತು. ಆ ದಿನವೇ ಉಜ್ಜಿ ಸರಿ ಮಾಡಲು ಹೊರಟಿದ್ದೆ. ಒದ್ದೆ ಮರ ಉಜ್ಜಿದರೆ ಒಣಗಿದ ಮೇಲೆ ಅಲ್ಲಿ ತಗ್ಗಾಗುತ್ತದೆ ಅಂತ ಮಾವ ಫೋನಿನಲ್ಲೇ ತಡೆದರು. ಕಾರ್ಪೆಟ್ ತೆಗೆದು ಐದು ದಿನ ಫ್ಯಾನ್ ಹಾಕಿಟ್ಟೆ. ಉಬ್ಬು ಅರ್ಧ ತಾನೇ ಇಳಿಯಿತು. ಉಳಿದದ್ದನ್ನು ಉಜ್ಜುಗೊರಡಿನಲ್ಲಿ ತೆಗೆದು, ಮತ್ತೆ ಪುಟ್ಟಿ, ಮತ್ತೆ ಉಪ್ಪು ಕಾಗದ, ಈ ಸಲ ಎಲ್ಲ ಅಂಚಿಗೂ ಕುಳಿಯ ಒಳಗೂ ಎರಡು ಕೈ ಪ್ರೈಮರ್. ಗಾಳಿ ಬರುವ ಕಡೆಗೆ ದಪ್ಪ ಟಾರ್ಪಾಲ್ ಕಟ್ಟಿದೆ.

ಜೂನ್, ಜುಲೈ

ಬೆಳಿಗ್ಗೆ ಆರಕ್ಕೆ ಐವತ್ತು ಪಟ್, ಮೂರು ಮೀಟರ್‌ನಿಂದ. ಅಪ್ಪಾಜಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಗಿರಣಿಯಲ್ಲಿ ಎಣಿಸುತ್ತಿದ್ದ ಹಾಗೇ ಪ್ಯಾರಪೆಟ್ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ, ಐದನೆಯದು ಅಡ್ಡ. ಬಿದ್ದದ್ದಕ್ಕೆ ಮಾತ್ರ ಗೆರೆ. ಟಕ್ ಅಂದದ್ದಕ್ಕೆ ಚುಕ್ಕೆ. ಮೊದಲ ವಾರ ಐವತ್ತಕ್ಕೆ 17, 19, 16. ಚುಕ್ಕೆಗಳೆಲ್ಲ ಎಡಗಡೆಯ ಬಾಬಿನ್‌ನವು.

ನನಗೆ ನಾನೇ ಹಾಕಿಕೊಂಡ ಕಟ್ಟು ಒಂದೇ. ಒಂದು ವಾರಕ್ಕೆ ಒಂದೇ ಬದಲಾವಣೆ, ಅದೂ ಭಾನುವಾರ. ಮಂಗಳವಾರ ಕೈ ತುರಿಸುತ್ತದೆ, ಹಿಡಿತ ಬದಲಿಸೋಣ ಅನ್ನಿಸುತ್ತದೆ. ಬದಲಿಸಲಿಲ್ಲ. ಮೊದಲ ವಾರ ಚೆಂಡಿನ ಮೇಲೆ ಗೆರೆ ಎಳೆದು ಅದನ್ನು ನೂಲಿನ ಕೆಳಗೆ ಇಟ್ಟೆ. ಎರಡು ಮೊಳೆಗೆ ಕಟ್ಟಿದ ಗಾರೆಯವರ ನೂಲು ಅದು. ಎರಡನೇ ವಾರ ಕಣ್ಣು ಚೆಂಡಿನ ನೇರಕ್ಕೆ ಬರುವಂತೆ ಅರ್ಧ ಹೆಜ್ಜೆ ಹತ್ತಿರ ನಿಂತೆ. ಮೂರನೇ ವಾರ ಏನೂ ಬದಲಿಸಲಿಲ್ಲ. ಅದೇ ವಾರ 24, 26, 25 ಬಂತು.

ವೇಗಕ್ಕೆ ಕುಳಿಯ ಹಿಂದೆ 17 ಇಂಚಿಗೆ ಒಂದು ಗೆರೆ ಹಾಕಿದ್ದೆ. ನಾಸಾದಲ್ಲಿ ವಿಜ್ಞಾನಿಯಾಗಿದ್ದು ಆಮೇಲೆ ಪಟಿಂಗ್ ಅಧ್ಯಯನಕ್ಕೆ ಇಳಿದ ಡೇವ್ ಪೆಲ್ಜ್ ಹೇಳಿದ ದೂರ ಅದು. ಚೆಂಡು ಕುಳಿ ತಪ್ಪಿದರೆ ಅಷ್ಟು ಮುಂದೆ ಹೋಗಿ ನಿಲ್ಲುವ ವೇಗ ಒಳ್ಳೆಯದು, ಯಾಕೆಂದರೆ ಕುಳಿಯ ಸುತ್ತ ಆಟಗಾರರ ಹೆಜ್ಜೆಗಳಿಂದ ಹುಲ್ಲು ಏರುಪೇರಾಗಿರುತ್ತದೆ ಅಂತ ಅವರ ವಾದ. ನನ್ನ ಕಾರ್ಪೆಟ್ ಮೇಲೆ ಹೆಜ್ಜೆಗಳಿಲ್ಲ. ನಾನು ಗೆರೆಯನ್ನು ಒಂದಡಿಗೆ ತಂದುಕೊಂಡೆ. ನಿಧಾನವಾಗಿ ಬಂದ ಚೆಂಡಿಗೆ ಕುಳಿಯ ಅಂಚುಗಳೂ ಬಾಗಿಲಾಗುತ್ತವೆ. ಜೋರಾಗಿ ಬಂದದ್ದಕ್ಕೆ ನಡುವೆ ಮಾತ್ರ ಜಾಗ.

ಜುಲೈ ಆಟದಲ್ಲಿ ಸ್ಕೋರ್‌ಕಾರ್ಡಿನ ಹಿಂದೆ 38. ನಾಲ್ಕಡಿಯ ಪಟ್‌ಗಳಲ್ಲಿ ಎರಡು ಮಾತ್ರ ತಪ್ಪಿದವು. ಒಂದು ಎಡಕ್ಕೆ, ಒಂದು ಬಲಕ್ಕೆ. ಬಲಕ್ಕೆ ಹೋದದ್ದನ್ನು ಕಂಡು ನನಗೆ ಎಷ್ಟು ಖುಷಿಯಾಯ್ತು ಅಂತ ಜೊತೆಗಿದ್ದವರಿಗೆ ವಿವರಿಸಲು ಆಗಲಿಲ್ಲ. ಆದರೆ ಇಳಿಜಾರಿನ ಗ್ರೀನ್‌ಗಳಲ್ಲಿ ದೂರದ ಪಟ್‌ಗಳೆಲ್ಲ ಕೆಳಗೆ ಜಾರಿಹೋದವು. ಮಟ್ಟದ ನೆಲ ಇಳಿಜಾರನ್ನು ಕಲಿಸಲ್ಲ.

ಆಗಸ್ಟ್, ಮೊದಲ ಭಾನುವಾರ

ಬೋಲ್ಟುಗಳು ಇವೆಯಲ್ಲ. ಎಡಗಡೆಯ ಆರನ್ನೂ ನಾಲ್ಕು ನಾಲ್ಕು ಸುತ್ತು ಎತ್ತಿದೆ. ಆರು ಮಿಲಿಮೀಟರ್. ಎರಡಡಿ ಅಗಲಕ್ಕೆ ಅದು ನೂರಕ್ಕೆ ಒಂದು ಪಾಲು ವಾಲಿಕೆ. ಕಣ್ಣಿಗೆ ಕಾಣುವುದೇ ಇಲ್ಲ. ಮೂರು ಮೀಟರ್‌ನಿಂದ ಕುಳಿಗೇ ಗುರಿ ಇಟ್ಟು ಹೊಡೆದೆ. ಚೆಂಡು ಮೊದಲ ಅರ್ಧ ನೇರವಾಗಿ ಹೋಗಿ, ನಿಧಾನವಾಗುತ್ತಾ ಬಲಕ್ಕೆ ಬಾಗಿ, ಹತ್ತಿರ ಹತ್ತಿರ ಮುಕ್ಕಾಲು ಗೇಣು ದೂರದಲ್ಲಿ ಕುಳಿ ದಾಟಿತು. ಅಷ್ಟು ಎಡಕ್ಕೆ ಗುರಿ ಇಟ್ಟೆ. ಕೈ ಹಳೆಯ ಹಾಲ್‌ನ ಪಾಠ ನೆನಪಿಸಿಕೊಂಡು ಎಳೆಯಲು ನೋಡಿತು, ಎಡ ಬಾಬಿನ್ ಟಕ್ ಅಂದಿತು. ಈಗ ಗುರಿಯನ್ನು ಎಡಕ್ಕೆ ಇಟ್ಟು, ಹೊಡೆತವನ್ನು ನೇರ ಇಟ್ಟುಕೊಳ್ಳಬೇಕು. ಬಾಗಿಲನ್ನೂ ಆ ಗುರಿಯ ಕಡೆಗೆ ತಿರುಗಿಸಿಟ್ಟೆ.

ಮೊದಲ ದಿನ ಐವತ್ತಕ್ಕೆ 9. ಅವ್ವ ಕೆಳಗಿನಿಂದ ದೋಸೆ ಆರುತ್ತೆ ಬನ್ರೋ ಅಂತ ಕೂಗಿದರು. ಅಪ್ಪಾಜಿ ಗೋಡೆಯ ಮೇಲೆ ಹೊಸ ಸಾಲು ಶುರು ಮಾಡಿ, ಹಳೆಯ ಸಾಲುಗಳನ್ನು ಅಳಿಸದೆ ಬಿಟ್ಟರು. ಆಮೇಲೆ ಸ್ಪ್ಯಾನರ್ ಎತ್ತಿಕೊಂಡು ಕೇಳಿದರು.

"ಮುಂದಿನ ಭಾನುವಾರ ಎಷ್ಟು ಸುತ್ತಪ್ಪ?"

"ಇದೇ ಇರಲಿ ಅಪ್ಪಾಜಿ. ಇನ್ನೂ ಎರಡು ವಾರ."